ಮ್ವೀಲ್ರೇ ಹತ್ತುವ ಮೊದಲು ಮತ್ತು ಹತ್ತುವಾಗ: ಕಾಲುದಾರಿಯಿಲ್ಲದ ಬೆಟ್ಟಕ್ಕೊಂದು ಕೈಪಿಡಿ

ಐರ್ಲೆಂಡಿನ ಪಶ್ಚಿಮ ಅಂಚಿನಲ್ಲಿ, ಮೇಯೋ ಕೌಂಟಿಯಲ್ಲಿ, ಅಟ್ಲಾಂಟಿಕ್ ಸಾಗರದ ಕಡೆ ಮುಖ ಮಾಡಿ ನಿಂತಿರುವ ಬೆಟ್ಟ ಮ್ವೀಲ್ರೇ. ಎತ್ತರ 814 ಮೀಟರ್. ಕಾನಕ್ಟ್ ಪ್ರಾಂತ್ಯದಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಐರಿಷ್ ಭಾಷೆಯಲ್ಲಿ ಈ ಹೆಸರಿಗೆ ಬೋಳಾದ, ನುಣುಪಾದ ಬೆಟ್ಟ ಎಂದು ಅರ್ಥ. ಸಮುದ್ರದ ಕಡೆಯಿಂದ ನೋಡಿದರೆ ಹೆಸರು ಸರಿಯಾಗಿಯೇ ಇದೆ ಅನ್ನಿಸುತ್ತದೆ. ಈಶಾನ್ಯದ ಕಡೆಯಿಂದ ನೋಡಿದರೆ ಕಪ್ಪು ಬಂಡೆಯ ಗೋಡೆಗಳು ಎದುರಾಗುತ್ತವೆ. ಬೆಟ್ಟ ಒಂದೇ, ಮುಖ ಎರಡು. ಈ ಮಾತು ಕೊನೆವರೆಗೂ ನೆನಪಿರಲಿ.

814 ಮೀಟರ್ ಅಂದರೆ ನಮ್ಮ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಮುಳ್ಳಯ್ಯನಗಿರಿ 1,930 ಮೀಟರ್ ಇದೆಯಲ್ಲ, ಅದನ್ನೇ ಹತ್ತಿದ್ದೇವೆ ಅನ್ನುತ್ತಾರೆ. ಆದರೆ ಅಲ್ಲಿ ಬಹಳಷ್ಟು ಎತ್ತರಕ್ಕೆ ಗಾಡಿಯೇ ನಮ್ಮನ್ನು ಒಯ್ಯುತ್ತದೆ. ಇಲ್ಲಿ ಹೆಚ್ಚುಕಡಿಮೆ ಸಮುದ್ರಮಟ್ಟದಿಂದಲೇ ನಡಿಗೆ ಶುರು. ಮೇಲಾಗಿ ಮೆಟ್ಟಿಲಿಲ್ಲ, ಬಾಣದ ಗುರುತಿಲ್ಲ, ಟಿಕೆಟ್ ಕೌಂಟರ್ ಇಲ್ಲ, ದಾರಿ ತೋರಿಸುವವರಿಲ್ಲ. ತುಂಬಾ ಕಡೆ ಕಾಲುದಾರಿಯೂ ಇಲ್ಲ.

ಇದೇ ಜಿಲ್ಲೆಯಲ್ಲಿ, ಸ್ವಲ್ಪ ಉತ್ತರಕ್ಕೆ, 764 ಮೀಟರ್ ಎತ್ತರದ ಕ್ರೋ ಪ್ಯಾಟ್ರಿಕ್ ಇದೆ. ಜುಲೈ ತಿಂಗಳ ಕೊನೆಯ ಭಾನುವಾರ ಅಲ್ಲಿಗೆ ಸಾವಿರಾರು ಯಾತ್ರಿಕರು ಬರುತ್ತಾರೆ. ಅವರ ಕಾಲಡಿ ಸವೆದ ದಾರಿ ದೂರಕ್ಕೂ ಬಿಳಿ ಗೆರೆಯ ಹಾಗೆ ಕಾಣುತ್ತದೆ. ಜನರೆಲ್ಲ ಅಲ್ಲಿಗೆ ಹೋಗುವುದರಿಂದ ಮ್ವೀಲ್ರೇ ಮೌನವಾಗಿ ಉಳಿದಿದೆ. ಆ ಮೌನಕ್ಕಾಗಿಯೇ ನಾನು ಅಲ್ಲಿಗೆ ಹೋಗುತ್ತೇನೆ. ಆದರೆ ಮೌನ ಅಂದರೆ ಕರೆದರೆ ಓಗೊಡುವವರು ಯಾರೂ ಇಲ್ಲ ಎಂದೂ ಅರ್ಥ, ಅಲ್ವಾ? ಅದಕ್ಕೇ ಈ ಲೇಖನದಲ್ಲಿ ಹತ್ತುವ ಮಾತಿಗಿಂತ ತಯಾರಿಯ ಮಾತು ಜಾಸ್ತಿ.

ಮೊದಲು ದಿನ ಆರಿಸಿ

ಬೆಟ್ಟಕ್ಕಿಂತ ಮೊದಲು ಆರಿಸಬೇಕಾದದ್ದು ದಿನವನ್ನು. ಐರ್ಲೆಂಡಿನ ಪಶ್ಚಿಮದ ಬೆಟ್ಟಗಳಲ್ಲಿ ವರ್ಷಕ್ಕೆ 2,000 ಮಿಲಿಮೀಟರ್‌ಗಿಂತ ಹೆಚ್ಚು ಮಳೆ ಬೀಳುತ್ತದೆ. ಆಗುಂಬೆಯ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ ಆಗುಂಬೆಯಲ್ಲಿ ಮಳೆಗಾಲ ಅಂತ ಒಂದಿದೆ, ಬೇಸಿಗೆ ಅಂತ ಇನ್ನೊಂದಿದೆ. ಇಲ್ಲಿ ಹನ್ನೆರಡು ತಿಂಗಳೂ ಮಳೆ ಬರಬಹುದು. ಸಾಗರದ ತೇವದ ಗಾಳಿ ಬಂದು ಮೊದಲು ಬಡಿಯುವುದೇ ಈ ಬೆಟ್ಟಗಳಿಗೆ. ಗಾಳಿ ಮೇಲೇರಿ ತಣ್ಣಗಾಗುತ್ತದೆ, ಮೋಡವಾಗುತ್ತದೆ, ಶಿಖರಕ್ಕೆ ಟೋಪಿ ಹಾಕುತ್ತದೆ. ಕೆಳಗೆ ಬಿಸಿಲಿದ್ದರೂ ಮೇಲೆ ಏನೂ ಕಾಣದ ದಿನಗಳು ಬೇಕಾದಷ್ಟು.

ಏಪ್ರಿಲ್‌ನಿಂದ ಜೂನ್‌ವರೆಗೆ ಸಾಮಾನ್ಯವಾಗಿ ಮಳೆ ಕಡಿಮೆ. ಹಗಲೂ ಉದ್ದ. ಜೂನ್ ಕೊನೆಯಲ್ಲಿ ಮೇಯೋದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ದಾಟಿದ ಮೇಲೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆ ಮೊದಲೇ ಮುಳುಗುತ್ತಾನೆ. ಮೊದಲ ಸಲ ಹೋಗುವವರು ಮೇ ಅಥವಾ ಜೂನ್ ಇಟ್ಟುಕೊಳ್ಳಿ. ಚಳಿಗಾಲ ಬೇಡ.

ಹವಾಮಾನ ನೋಡುವಾಗ ಊರಿನ ಮುನ್ಸೂಚನೆ ನೋಡಿದರೆ ಸಾಲದು. ಐರ್ಲೆಂಡಿನ ಹವಾಮಾನ ಇಲಾಖೆಯ ಹೆಸರು ಮೆಟ್ ಏರನ್. ಅವರ ಮುನ್ಸೂಚನೆಯ ಜೊತೆಗೆ ಶಿಖರದ ಎತ್ತರಕ್ಕೆ ಲೆಕ್ಕ ಹಾಕಿ ಕೊಡುವ ಮುನ್ಸೂಚನೆಯನ್ನೂ ನೋಡಿ. ಮೂರು ವಿಷಯ ಮುಖ್ಯ. ಮೋಡದ ತಳ ಎಷ್ಟು ಎತ್ತರದಲ್ಲಿದೆ? ಗಾಳಿಯ ವೇಗ ಎಷ್ಟು? ಮಳೆ ಎಷ್ಟು ಗಂಟೆಗೆ? ಮೋಡದ ತಳ 800 ಮೀಟರ್‌ಗಿಂತ ಕೆಳಗಿದ್ದರೆ, ಅಥವಾ ಗಾಳಿ ಗಂಟೆಗೆ 50 ಕಿಲೋಮೀಟರ್ ದಾಟುವಂತಿದ್ದರೆ ನಾನು ಹೋಗುವುದಿಲ್ಲ. ಇದು ನಾನು ನನಗೇ ಹಾಕಿಕೊಂಡ ಗೆರೆ. ನೀವೂ ಒಂದು ಗೆರೆ ಹಾಕಿಕೊಳ್ಳಿ. ಅದನ್ನು ಮನೆಯಲ್ಲಿ ಕೂತಿರುವಾಗಲೇ ಹಾಕಿಕೊಳ್ಳಬೇಕು. ಬೆಟ್ಟದ ಬುಡಕ್ಕೆ ಹೋಗಿ ನಿಂತರೆ ಮನಸ್ಸು ಕೇಳುವುದಿಲ್ಲ.

ಪ್ರತಿ 1,000 ಮೀಟರ್ ಏರಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಕೆಳಗೆ 14 ಡಿಗ್ರಿ ಇದ್ದರೆ ಶಿಖರದಲ್ಲಿ ಸುಮಾರು 9. ಅದಕ್ಕೆ ಗಾಳಿ ಸೇರಿಸಿ, ಒದ್ದೆ ಬಟ್ಟೆ ಸೇರಿಸಿ. ಬೇಸಿಗೆಯಲ್ಲೂ ಇಲ್ಲಿ ಚಳಿಗೆ ಮೈ ಸೆಟೆದುಕೊಳ್ಳುವುದು ಹೀಗೆಯೇ.

ಚೀಲದಲ್ಲಿ ಏನಿರಬೇಕು

ಜೀನ್ಸ್ ಬೇಡ. ಒದ್ದೆಯಾದರೆ ಕಲ್ಲಿನಂತೆ ಭಾರ, ಸಂಜೆವರೆಗೂ ಒಣಗುವುದಿಲ್ಲ. ಹತ್ತಿಯ ಬನಿಯನ್ ಕೂಡ ಬೇಡ. ಮೈಗೆ ತಾಗಿ ಉಣ್ಣೆಯ ಅಥವಾ ಪಾಲಿಯೆಸ್ಟರ್ ಅಂಗಿ, ಅದರ ಮೇಲೆ ಫ್ಲೀಸ್ ಎಂಬ ಬೆಚ್ಚನೆಯ ಮೇಲಂಗಿ, ಎಲ್ಲದರ ಮೇಲೆ ನೀರು ಒಳಬಿಡದ ಜಾಕೆಟ್. ನೀರು ತಡೆಯುವ ಪ್ಯಾಂಟ್ ಕೂಡ ಬೇಕೇ ಬೇಕು. ಜಾಕೆಟ್ ಕೊಂಡವರು ಪ್ಯಾಂಟ್ ಮರೆಯುತ್ತಾರೆ. ಆಮೇಲೆ ಸೊಂಟದಿಂದ ಕೆಳಗೆ ನೆನೆದು ನಡುಗುತ್ತಾರೆ. ಜೂನ್‌ನಲ್ಲೂ ಟೋಪಿ, ಕೈಗವಸು ಇರಲಿ.

ಶೂ ವಿಷಯದಲ್ಲಿ ಜಿಪುಣತನ ಬೇಡ. ಹಿಮ್ಮಡಿಯ ಮೇಲಿನ ಗಂಟನ್ನು ಮುಚ್ಚುವ, ಅಡಿಭಾಗ ಆಳವಾಗಿ ಕೊರೆದಿರುವ ಬೂಟು ಬೇಕು. ಇಲ್ಲಿನ ಬುಡವೆಲ್ಲ ಹುದುಲು. ಪಾಚಿ ಕೊಳೆತು ಸಾವಿರಾರು ವರ್ಷಗಳಿಂದ ಕೂಡಿಕೊಂಡ ಕಪ್ಪು ಮಣ್ಣು, ನೀರು ಕುಡಿದ ಸ್ಪಂಜಿನಂತೆ. ನೋಡಲು ಗಟ್ಟಿ ಹುಲ್ಲುಗಾವಲು, ಕಾಲಿಟ್ಟರೆ ಮೊಣಕಾಲವರೆಗೆ ಒಳಗೆ. ಮಲೆನಾಡಿನ ಗದ್ದೆಯಲ್ಲಿ ನಡೆದವರಿಗೆ ಇದು ಬೇಗ ಒಗ್ಗುತ್ತದೆ. ಒಂದು ಗುಟ್ಟು ಹೇಳುತ್ತೇನೆ: ಕಣ್ಣು ಕುಕ್ಕುವ ತಿಳಿಹಸಿರು ಕಂಡ ಕಡೆ ಕಾಲಿಡಬೇಡಿ, ಅದು ನೀರಿನ ಮೇಲೆ ತೇಲುವ ಪಾಚಿ. ಕಂದು ಬಣ್ಣದ ಒರಟು ಹುಲ್ಲಿನ ಗುಪ್ಪೆಗಳ ಮೇಲೆ, ಕಲ್ಲುಗಳ ಮೇಲೆ ಹೆಜ್ಜೆ ಇಡಿ.

ಹುಲ್ಲಿನಲ್ಲಿ ಕಾಲಿಡುವಾಗ ನಮಗೆಲ್ಲ ಹಾವಿನ ನೆನಪು ಬರುತ್ತದೆ. ಐರ್ಲೆಂಡಿನ ಕಾಡುಮೇಡಿನಲ್ಲಿ ಹಾವೇ ಇಲ್ಲ. ಸಂತ ಪ್ಯಾಟ್ರಿಕ್ ಓಡಿಸಿದ ಅನ್ನುವುದು ಕತೆ. ಹಿಮಯುಗ ಮುಗಿದ ಮೇಲೆ ಸಮುದ್ರ ದಾಟಿ ಹಾವುಗಳು ಇಲ್ಲಿಗೆ ಬರಲೇ ಇಲ್ಲ ಅನ್ನುವುದು ವಿಜ್ಞಾನ. ಇಂಬಳದ ಕಾಟವೂ ಇಲ್ಲ. ಆದರೆ ಉಣುಗು ಇದೆ. ನಮ್ಮಲ್ಲಿ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ ತಾನೇ? ಇಲ್ಲಿ ಉಣುಗಿನ ಇನ್ನೊಂದು ಜಾತಿ ಲೈಮ್ ಎಂಬ ಕಾಯಿಲೆ ತರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ. ಬೇಸಿಗೆಯಲ್ಲಿ ಗಾಳಿ ನಿಂತರೆ ಸಣ್ಣ ನುಸಿ ಮುತ್ತುತ್ತದೆ, ಅದಕ್ಕೆ ಮುಲಾಮು ಇಟ್ಟುಕೊಳ್ಳಿ.

ಊಟಕ್ಕೆ ನಾನು ಒಯ್ಯುವುದು ಚಟ್ನಿಪುಡಿ, ತುಪ್ಪ ಸವರಿ ಸುತ್ತಿದ ಚಪಾತಿ, ಶೇಂಗಾ ಚಿಕ್ಕಿ, ಫ್ಲಾಸ್ಕಿನಲ್ಲಿ ಬಿಸಿ ಚಹಾ. ಚಪಾತಿ ಒಂದೇ ಕೈಯಲ್ಲಿ ತಿನ್ನಬಹುದು, ಚಳಿಗೆ ಹಾಳಾಗುವುದಿಲ್ಲ. ಚಿಕ್ಕಿಯಲ್ಲಿ ಬೆಲ್ಲವೂ ಇದೆ, ಕೊಬ್ಬಿನಂಶವೂ ಇದೆ, ಏರುವಾಗ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಅರ್ಧ ಊಟ ತಿನ್ನದೆ ಉಳಿಸಿಕೊಳ್ಳಿ. ಎರಡು ಲೀಟರ್ ನೀರು ಮನೆಯಿಂದಲೇ ಹೊರಿ. ತೊರೆಯ ನೀರು ಎಷ್ಟು ತಿಳಿಯಾಗಿದ್ದರೂ ಮೇಲೆಲ್ಲೋ ಕುರಿ ಸತ್ತು ಬಿದ್ದಿರಬಹುದು.

ಉಳಿದಂತೆ ಹೆಡ್‌ಟಾರ್ಚ್, ಸೀಟಿ, ಸಣ್ಣ ಪ್ರಥಮ ಚಿಕಿತ್ಸೆ ಪೊಟ್ಟಣ, ಪವರ್ ಬ್ಯಾಂಕ್.

ನಕ್ಷೆ ಓದಲು ಕಲಿಯಿರಿ

ಈ ಬೆಟ್ಟಕ್ಕೆ ಬೇಕಾದ ನಕ್ಷೆ ಐರ್ಲೆಂಡಿನ ಡಿಸ್ಕವರಿ ಸರಣಿಯ 37ನೇ ಹಾಳೆ. ಅಳತೆ 1:50,000. ಅಂದರೆ ನಕ್ಷೆಯ ಎರಡು ಸೆಂಟಿಮೀಟರ್ ನೆಲದ ಮೇಲೆ ಒಂದು ಕಿಲೋಮೀಟರ್. ಫೋನಿನ ಆ್ಯಪ್ ಇದೆಯಲ್ಲ ಅನ್ನಬೇಡಿ. ಈ ಕಣಿವೆಗಳಲ್ಲಿ ಸಿಗ್ನಲ್ ಬಹಳ ಕಡಿಮೆ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಒದ್ದೆ ಬೆರಳಿಗೆ ಪರದೆ ಕೇಳುವುದಿಲ್ಲ. ಫೋನ್ ಇರಲಿ, ಆಫ್‌ಲೈನ್ ನಕ್ಷೆಯೂ ಇರಲಿ. ಜೊತೆಗೆ ಕಾಗದದ ನಕ್ಷೆ, ಕಾಂಪಸ್ ಬೇಕು.

ನಕ್ಷೆಯಲ್ಲಿ ಮ್ವೀಲ್ರೇ ಸುತ್ತಲಿನ ಕಾಂಟೂರ್ ಗೆರೆಗಳನ್ನು, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳನ್ನು ನೋಡಿ. ಪಶ್ಚಿಮ ಮತ್ತು ದಕ್ಷಿಣದ ಕಡೆ ಗೆರೆಗಳ ನಡುವೆ ಜಾಗ ಇದೆ, ಅಂದರೆ ಇಳಿಜಾರು ಹದವಾಗಿದೆ. ಈಶಾನ್ಯದ ಕಡೆ ಗೆರೆಗಳು ಒಂದರ ಮೇಲೊಂದು ಅಂಟಿಕೊಂಡಿವೆ. ಅಲ್ಲಿ ಪ್ರಪಾತ. ಹಿಮಯುಗದಲ್ಲಿ ಹಿಮನದಿ ಬೆಟ್ಟವನ್ನು ಕೊರೆದು, ಮೂರು ಕಡೆ ಗೋಡೆ ಇರುವ ಬಟ್ಟಲಿನಂಥ ಕಣಿವೆಗಳನ್ನು ಮಾಡಿತು. ಕಲ್ಲು ಸುಮಾರು 46 ಕೋಟಿ ವರ್ಷ ಹಳೆಯ ಮರಳುಗಲ್ಲು, ನಡುನಡುವೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಪದರಗಳು. ಮಂಜಿನಲ್ಲಿ ದಿಕ್ಕು ತಪ್ಪಿ ಈ ಗೋಡೆಗಳ ಕಡೆ ಇಳಿಯಲು ಹೋಗುವುದೇ ಇಲ್ಲಿನ ದೊಡ್ಡ ಅಪಾಯ.

ಸಮಯದ ಲೆಕ್ಕಕ್ಕೆ ವಿಲಿಯಂ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ. ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿ ಬರಲು 11 ಕಿಲೋಮೀಟರ್, ಒಟ್ಟು ಏರು 1,000 ಮೀಟರ್ ಅಂತಿಟ್ಟುಕೊಂಡರೆ ಸುಮಾರು ನಾಲ್ಕು ಗಂಟೆ. ಇದು ಗಟ್ಟಿ ನೆಲದ ಲೆಕ್ಕ. ಹುದುಲು, ಊಟ, ಸುಮ್ನೆ ಕೂತು ನೋಡುವ ಹೊತ್ತು ಎಲ್ಲ ಸೇರಿಸಿ ಆರರಿಂದ ಏಳು ಗಂಟೆ ಇಟ್ಟುಕೊಳ್ಳಿ.

ಬುಡ ತಲುಪುವುದು

ಡಬ್ಲಿನ್‌ನ ಹ್ಯೂಸ್ಟನ್ ನಿಲ್ದಾಣದಿಂದ ವೆಸ್ಟ್‌ಪೋರ್ಟ್‌ಗೆ ರೈಲಿದೆ, ಮೂರು ಗಂಟೆಗೂ ಸ್ವಲ್ಪ ಜಾಸ್ತಿ ಪ್ರಯಾಣ. ಹಿಂದಿನ ರಾತ್ರಿ ವೆಸ್ಟ್‌ಪೋರ್ಟ್‌ನಲ್ಲೇ ಉಳಿಯುವುದು ಒಳ್ಳೆಯದು. ಅಲ್ಲಿಂದ ಮುಂದಕ್ಕೆ ಕಾರು ಬೇಕು, ಬಸ್ಸು ನಂಬಿಕೊಂಡರೆ ಆಗುವುದಿಲ್ಲ. ಗಾಡಿ ಓಡಿಸುವುದು ನಮ್ಮ ಹಾಗೆಯೇ ರಸ್ತೆಯ ಎಡಕ್ಕೆ. ಲೂಯಿಸ್‌ಬರ್ಗ್ ಊರು ದಾಟಿದ ಮೇಲೆ ರಸ್ತೆ ಕಿರಿದಾಗುತ್ತದೆ, ಕುರಿಗಳು ಡಾಂಬರಿನ ಮೇಲೇ ಮಲಗಿರುತ್ತವೆ.

ಈ ರಸ್ತೆ ಡೂ ಲಾಕ್ ಎಂಬ ಕಪ್ಪು ಸರೋವರದ ದಂಡೆಗೆ ಬರುತ್ತದೆ. ದಾರಿಯಲ್ಲಿ ಒಂದು ಕಲ್ಲಿನ ಶಿಲುಬೆ ಇದೆ. ಅಲ್ಲಿ ಗಾಡಿ ನಿಲ್ಲಿಸಿ. ಆಲೂಗಡ್ಡೆ ಬೆಳೆಗೆ ರೋಗ ಬಿದ್ದು ಐರ್ಲೆಂಡ್ ಹಸಿವಿನಿಂದ ಸಾಯುತ್ತಿದ್ದ ಕಾಲ. 1849ರ ಮಾರ್ಚ್ ಕೊನೆ. ಪರಿಹಾರ ಬೇಕಿದ್ದರೆ ಬೆಳಗ್ಗೆ ತಪಾಸಣೆಗೆ ಡೆಲ್ಫಿ ಎಂಬಲ್ಲಿಗೆ ಬನ್ನಿ ಎಂದು ಅಧಿಕಾರಿಗಳು ಲೂಯಿಸ್‌ಬರ್ಗಿನ ಜನರಿಗೆ ಹೇಳಿದರು. ಸುಮಾರು 19 ಕಿಲೋಮೀಟರ್ ದೂರ. ಹಸಿದ ಜನ ಚಳಿಯಲ್ಲಿ ಈ ಕಣಿವೆಯಲ್ಲಿ ನಡೆದರು. ಹಲವರು ದಾರಿಯಲ್ಲೇ ಸತ್ತರು. ಅವರ ನೆನಪಿನ ಕಲ್ಲಿನ ಮೇಲೆ ಮಹಾತ್ಮ ಗಾಂಧಿಯ ಮಾತೊಂದನ್ನು ಕೆತ್ತಿದ್ದಾರೆ: ತನ್ನಂಥದೇ ಮನುಷ್ಯರನ್ನು ಅವಮಾನಿಸಿ, ಅದರಿಂದ ತನ್ನ ಗೌರವ ಹೆಚ್ಚಿತೆಂದು ಮನುಷ್ಯ ಹೇಗೆ ಅಂದುಕೊಳ್ಳುತ್ತಾನೆ ಎಂಬ ಅರ್ಥದ ಪ್ರಶ್ನೆ. ಊರಿಂದ ಇಷ್ಟು ದೂರದಲ್ಲಿ, ಯಾರೂ ಇಲ್ಲದ ಕಣಿವೆಯಲ್ಲಿ ಅದನ್ನು ಓದಿದಾಗ ನನ್ನ ಗಂಟಲು ಕಟ್ಟಿತು. ಸುತ್ತಲಿನ ಕೆಲವು ಇಳಿಜಾರುಗಳಲ್ಲಿ ಬೆಳಗಿನ ಓರೆ ಬಿಸಿಲಿಗೆ ಸಾಲು ಸಾಲು ಗೆರೆ ಕಾಣುತ್ತವೆ. ಆಗಿನವರು ಆಲೂಗಡ್ಡೆಗೆ ಹಾಕಿದ್ದ ಮಡಿಗಳು ಅವು.

ದಾರಿ ಆರಿಸುವುದು

ಮೊದಲ ಸಲಕ್ಕೆ ನಾನು ಹೇಳುವುದು ಪಶ್ಚಿಮದ ದಾರಿ. ಕಿಲಾಡೂನ್ ಎಂಬ ಊರು ದಾಟಿ, ರಸ್ತೆ ಮುಗಿಯುವಲ್ಲಿ ಸಿಲ್ವರ್ ಸ್ಟ್ರ್ಯಾಂಡ್ ಎಂಬ ಬಿಳಿ ಮರಳಿನ ಕಡಲತೀರ ಇದೆ. ಅಲ್ಲಿಂದ ಒದ್ದೆ ಬಯಲು ದಾಟಿ ಅಗಲವಾದ ಹುಲ್ಲಿನ ಇಳಿಜಾರು ಹಿಡಿದು ಏರಬಹುದು. ಬೇಸರ ಬರುವಷ್ಟು ಉದ್ದನೆಯ ಏರು, ಆದರೆ ಪ್ರಪಾತದ ಭಯ ಕಡಿಮೆ. ಸಮುದ್ರ ಬೆನ್ನ ಹಿಂದೆಯೇ ಇರುತ್ತದೆ, ತಿರುಗಿದಾಗಲೆಲ್ಲ ಇನ್ನೂ ಒಂದು ದ್ವೀಪ ಕಾಣುತ್ತದೆ. ಮಳೆ ಬಿದ್ದ ಮೇಲೆ ತೊರೆಗಳು ತಟ್ಟನೆ ಉಬ್ಬುತ್ತವೆ. ಮೊಣಕಾಲಿಗಿಂತ ಮೇಲೆ ನೀರಿದ್ದರೆ ದಾಟಬೇಡಿ.

ಎರಡನೆಯದು ಡೂ ಲಾಕ್ ಕಡೆಯಿಂದ ಹೋಗುವ ದಾರಿ. ನಕ್ಷೆ ಬಲ್ಲವರಿಗೆ ಮಾತ್ರ. ಸರೋವರದ ಉತ್ತರ ತುದಿಯಿಂದ ಹೊರಟು, ತೊರೆ ದಾಟಿ, ಹುದುಲಿನಲ್ಲಿ ನಡೆದು, ಗೋಡೆಗಳ ನಡುವಿನ ಕಪ್ಪು ಬಟ್ಟಲಿನೊಳಗೆ ಹೋಗಬೇಕು. ಒಳಗೆ ನಿಂತು ನೋಡಿದರೆ ಹತ್ತುವುದು ಸಾಧ್ಯವೇ ಇಲ್ಲ ಅನ್ನಿಸುತ್ತದೆ. ಆ ಗೋಡೆಯ ಮೇಲೆ ಓರೆಯಾಗಿ ಏರುವ ಒಂದು ಹುಲ್ಲಿನ ಪಟ್ಟಿ ಇದೆ. ಅದನ್ನು ರ‍್ಯಾಂಪ್ ಅನ್ನುತ್ತಾರೆ. ಕಡಿದು, ಒದ್ದೆ, ಅಲ್ಲಲ್ಲಿ ಸಡಿಲ ಕಲ್ಲು. ಅದೊಂದೇ ಬಾಗಿಲು. ಕೆಳಗಿನಿಂದಲೇ ಅದನ್ನು ಕಣ್ಣಾರೆ ಗುರುತಿಸಲಾಗದಿದ್ದರೆ ಆ ದಿನ ಹತ್ತಬೇಡಿ.

ರ‍್ಯಾಂಪ್ ಮುಗಿದರೆ ಎರಡು ಶಿಖರಗಳ ನಡುವಿನ ತಗ್ಗು. ಎಡಕ್ಕೆ 803 ಮೀಟರಿನ ಬೆನ್ ಲುಗ್ಮೋರ್, ಬಲಕ್ಕೆ 795 ಮೀಟರಿನ ಬೆನ್ ಬರಿ. ಮ್ವೀಲ್ರೇ ಇನ್ನೂ ಮುಂದೆ, ನೈಋತ್ಯಕ್ಕೆ. ಇಲ್ಲಿ ನಿಂತು ಮಾಡಬೇಕಾದ ಒಂದು ಕೆಲಸ ಇದೆ, ದಯವಿಟ್ಟು ಮರೆಯಬೇಡಿ. ಹಿಂದಕ್ಕೆ ತಿರುಗಿ ನೀವು ಬಂದ ರ‍್ಯಾಂಪಿನ ಬಾಯಿಯನ್ನು ನೋಡಿ. ಫೋಟೋ ತೆಗೆಯಿರಿ, ಜಿಪಿಎಸ್‌ನಲ್ಲಿ ಗುರುತು ಹಾಕಿ, ಕಾಂಪಸ್ ದಿಕ್ಕು ಬರೆದುಕೊಳ್ಳಿ. ಮರಳಿ ಬರುವಾಗ ಮಂಜಿದ್ದರೆ ಈ ಬಾಯಿ ಸಿಗುವುದು ಕಷ್ಟ. ಅದರ ಅಕ್ಕಪಕ್ಕ ಇರುವುದೆಲ್ಲ ಪ್ರಪಾತ.

ನನ್ನ ಮೊದಲ ಪ್ರಯತ್ನ ಮುಗಿದದ್ದು ಈ ತಗ್ಗಿನಲ್ಲೇ. ಸಮುದ್ರದ ಕಡೆಯಿಂದ ಮೋಡ ಬಂತು. ಹತ್ತು ನಿಮಿಷದಲ್ಲಿ ಜೊತೆಗಿದ್ದ ಗೆಳೆಯನ ಕೆಂಪು ಜಾಕೆಟ್ ಬಿಟ್ಟು ಬೇರೇನೂ ಕಾಣಲಿಲ್ಲ. ಬಾಯಿಯ ಗುರುತು ಇನ್ನೂ ಕೈಗೆಟುಕುವಷ್ಟು ಹತ್ತಿರ ಇತ್ತು. ಅದಕ್ಕೇ ಸುರಕ್ಷಿತವಾಗಿ ಇಳಿದೆವು. ಶಿಖರಕ್ಕೆ ಇನ್ನು ಒಂದು ಗಂಟೆಯಷ್ಟೇ ಇತ್ತು ಅನ್ನುವ ಯೋಚನೆ ಅವತ್ತು ಸಂಜೆಯೆಲ್ಲ ಕಾಡಿತು. ಮರುದಿನ ಕಾಡಲಿಲ್ಲ.

ಆಕಾಶ ತಿಳಿಯಾಗಿದ್ದರೆ ಬೆನ್ ಬರಿಯ ಹೆಗಲನ್ನು ಬಳಸಿ, ಮುಂದಿನ ತಗ್ಗಿಗೆ ಇಳಿದು, ಮತ್ತೆ ಏರಿದರೆ ಶಿಖರ. ಮೇಲೆ ಸಣ್ಣ ಕಲ್ಲುಗುಪ್ಪೆ, ಅಷ್ಟೇ. ದಕ್ಷಿಣಕ್ಕೆ ಕಾಲಬುಡದಲ್ಲಿ ಕಿಲ್ಲರಿ, ಸುಮಾರು 16 ಕಿಲೋಮೀಟರ್ ಒಳಗೆ ನುಗ್ಗಿದ ಕಡಲ ತೋಳು. ಅದರಾಚೆ ಕಾನೆಮಾರದ ಟ್ವೆಲ್ವ್ ಬೆನ್ಸ್ ಬೆಟ್ಟಗಳು. ಉತ್ತರಕ್ಕೆ ಕ್ರೋ ಪ್ಯಾಟ್ರಿಕ್‌ನ ಚೂಪು ತುದಿ. ಪಶ್ಚಿಮಕ್ಕೆ ಇನಿಷ್‌ಬಾಫಿನ್, ಇನಿಷ್‌ಟರ್ಕ್, ಕ್ಲೇರ್ ದ್ವೀಪಗಳು. ಅದರಾಚೆ ಬರೀ ನೀರು. ಮಾತಾಡಬೇಡಿ ಸ್ವಲ್ಪ ಹೊತ್ತು. ಕುರಿಯ ಕೂಗು ಬಿಟ್ಟರೆ ಗಾಳಿಯ ಸದ್ದು ಮಾತ್ರ.

ಬಂದ ದಾರಿಯಲ್ಲೇ ಇಳಿಯಿರಿ. ಬೆನ್ ಲುಗ್ಮೋರ್ ಏಣಿನ ಮೇಲೆ ಸುತ್ತು ಹಾಕಿ ಇಳಿಯುವವರಿದ್ದಾರೆ. ಒಂದು ಕಡೆ ಪ್ರಪಾತ ಇಟ್ಟುಕೊಂಡೇ ನಡೆಯಬೇಕು, ಕೊನೆಯ ಇಳಿಜಾರು ಮಂಡಿ ಹಿಂಡುತ್ತದೆ. ಅದು ಎರಡನೇ, ಮೂರನೇ ಸಲಕ್ಕೆ ಇರಲಿ.

ತೊಂದರೆ ಆದರೆ

112 ಅಥವಾ 999ಕ್ಕೆ ಕರೆ ಮಾಡಿ, ಮೌಂಟನ್ ರೆಸ್ಕ್ಯೂ ಬೇಕು ಅನ್ನಿ. ಈ ಭಾಗಕ್ಕೆ ಬರುವುದು ಮೇಯೋ ಮೌಂಟನ್ ರೆಸ್ಕ್ಯೂ ತಂಡ. ಎಲ್ಲರೂ ಸ್ವಯಂಸೇವಕರು, ದುಡ್ಡು ಕೇಳುವುದಿಲ್ಲ. ಸಿಗ್ನಲ್ ಸಣ್ಣದಿದ್ದಾಗ ಕರೆ ಹೋಗದಿದ್ದರೂ ಎಸ್ಎಂಎಸ್ ಹೋಗಬಹುದು. 112ಕ್ಕೆ ಎಸ್ಎಂಎಸ್ ಕಳಿಸಬೇಕಾದರೆ ಮೊದಲೇ ನೋಂದಾಯಿಸಿಕೊಂಡಿರಬೇಕು, ಆ ಕೆಲಸ ಮನೆಯಲ್ಲೇ ಮುಗಿಸಿ. ಫೋನೇ ಇಲ್ಲವಾದರೆ ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ರಾತ್ರಿಯಾದರೆ ಟಾರ್ಚಿನಲ್ಲಿ ಹಾಗೆಯೇ ಮಾಡಿ. ಮೂರು ಸಲ ಉತ್ತರ ಬಂದರೆ ಕೇಳಿಸಿದೆ ಎಂದರ್ಥ. ಆಗಲೂ ನಿಲ್ಲಿಸದೆ ಊದುತ್ತಿರಿ, ಅವರು ನಿಮ್ಮನ್ನು ಹುಡುಕುವುದೇ ಆ ಸದ್ದಿನ ಮೇಲೆ.

ಕುರಿಗಾಹಿಗಳ ನೆಲ

ಈ ಬೆಟ್ಟ ಸರ್ಕಾರಿ ಕಾಡಲ್ಲ. ರೈತರು ಕುರಿ ಮೇಯಿಸುವ ನೆಲ. ಅವರ ಒಳ್ಳೆಯತನದಿಂದ ನಾವು ನಡೆಯುತ್ತಿದ್ದೇವೆ, ಹಕ್ಕಿನಿಂದಲ್ಲ. ನಾಯಿ ಕರೆದುಕೊಂಡು ಹೋಗಬೇಡಿ. ಗೇಟು ತೆಗೆದರೆ ಮುಚ್ಚಿ, ತೆರೆದೇ ಇದ್ದರೆ ಹಾಗೇ ಬಿಡಿ. ಬೇಲಿಯ ಕಂಬದ ಪಕ್ಕದಲ್ಲೇ ದಾಟಿ, ತಂತಿ ಸಡಿಲವಾಗದ ಹಾಗೆ. ಗೇಟಿಗೆ ಅಡ್ಡವಾಗಿ ಕಾರು ನಿಲ್ಲಿಸಬೇಡಿ. ರೈತರು ಸಿಕ್ಕರೆ ಎಲ್ಲಿಗೆ ಹೋಗುತ್ತಿದ್ದೀರಿ ಅಂತ ಹೇಳಿ. ನನಗೆ ಸಿಕ್ಕ ಒಬ್ಬ ಅಜ್ಜ ಆಕಾಶ ನೋಡಿ, ಮಧ್ಯಾಹ್ನ ಎರಡು ಗಂಟೆಯೊಳಗೆ ಮೇಲಿನಿಂದ ಹೊರಡಿ ಅಂದರು. ಅವರು ಹೇಳಿದ ಹಾಗೆಯೇ ಎರಡೂವರೆಗೆ ಮಳೆ ಬಂತು.

ಹೊರಡುವ ಮುಂಚೆ ಮನೆಯಲ್ಲಿರುವ ಒಬ್ಬರಿಗೆ ಮೂರು ವಿಷಯ ಬರೆದು ಕಳಿಸಿ: ಯಾವ ದಾರಿ, ಕಾರು ಎಲ್ಲಿ, ಎಷ್ಟು ಗಂಟೆಯೊಳಗೆ ನಿಮ್ಮಿಂದ ಸುದ್ದಿ ಬರದಿದ್ದರೆ 112ಕ್ಕೆ ಕರೆ ಮಾಡಬೇಕು. ಇಳಿದು ಬಂದ ಮೇಲೆ ಬೂಟು ಬಿಚ್ಚಿ, ಒಣ ಕಾಲುಚೀಲ ಹಾಕಿಕೊಳ್ಳಿ, ಮಂಡಿಯ ಹಿಂದೆ ಮತ್ತು ಸೊಂಟದ ಸುತ್ತ ಉಣುಗು ಹತ್ತಿದೆಯೇ ನೋಡಿ. ಕಾರಿನ ಹತ್ತಿರ ಸಿಗ್ನಲ್ ಇರಲಿಕ್ಕಿಲ್ಲ. ಸಿಗುವ ಊರಿನವರೆಗೂ ಬಂದು, ಊಟಕ್ಕೆ ಕೂರುವ ಮೊದಲು ಅವರಿಗೆ ಕರೆ ಮಾಡಿ, ಇಳಿದೆವು ಅಂತ ಹೇಳಿ.